ತಂದೆಯ ಹಾಸಿಗೆಯ ಬಳಿ ಅನೇಕಾಂತ

ಮಲೆನಾಡಿನ ಅಂಚಿನಲ್ಲಿರುವ ಒಂದು ಊರಿನ ಶ್ರಾವಕ ಕುಟುಂಬ. ಮನೆಯ ಹಿರಿಯರಿಗೆ 74 ವರ್ಷ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಬೀಡಿ, ಸಿಗರೇಟುಗಳನ್ನು ಎಂದೂ ಮುಟ್ಟಿದವರಲ್ಲ. ಅಷ್ಟಮಿ, ಚತುರ್ದಶಿಗಳಂದು ಏಕಭುಕ್ತ; ಸೂರ್ಯಾಸ್ತದ ಅನಂತರ ಅನ್ನಾಹಾರವಿಲ್ಲ. ಎರಡು ತಿಂಗಳಾದರೂ ಬಿಡದ ಕೆಮ್ಮು, ಬೆನ್ನಿನ ನೋವು, ಮೆಟ್ಟಿಲೇರಿದರೆ ಏದುಸಿರು. ಚೈತ್ರ ಮಾಸದಲ್ಲಿ ಸ್ಕ್ಯಾನ್ ಆಯಿತು, ಬಯಾಪ್ಸಿ ಆಯಿತು. ಶ್ವಾಸಕೋಶದ ಕ್ಯಾನ್ಸರ್, 4ನೇ ಹಂತ. ಯಕೃತ್ತಿಗೂ ಬೆನ್ನುಮೂಳೆಗೂ ಹರಡಿದೆ ಎಂದು ವರದಿ ಬಂದಿತು.

ಅಂದು ರಾತ್ರಿ ಮೂವರು ಮಕ್ಕಳು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕುಳಿತರು. ಬೆಂಗಳೂರಿನಿಂದ ಬಂದ ಹಿರಿಯ ಮಗ, "ಅಡಿಕೆ ತೋಟ ಮಾರಿದರೂ ಸರಿ, ಯಾವ ಚಿಕಿತ್ಸೆಯನ್ನೂ ಬಿಡಬಾರದು" ಎಂದನು. ತಂದೆಯೊಡನೆ ಅದೇ ಊರಿನಲ್ಲಿದ್ದು ರಾತ್ರಿಯಿಡೀ ಅವರ ಬೆನ್ನು ನೀವುವ ಮಗಳು, "ಅವರನ್ನು ಇನ್ನಷ್ಟು ಹಿಂಸಿಸುವುದು ಬೇಡ" ಎಂದಳು. ಕಿರಿಯ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಗೂ ಗುಣವಾಗದ ರೋಗವೆಂದ ಮೇಲೆ, ಸಲ್ಲೇಖನದ ಮಾತನ್ನು ಗುರುಗಳ ಬಳಿ ಎತ್ತಬಹುದಲ್ಲವೆ?" ಎಂದನು. ಮೂವರಲ್ಲಿಯೂ ಪ್ರೀತಿಯಿತ್ತು, ಮೂವರಲ್ಲಿಯೂ ಭಯವಿತ್ತು. ಆದರೆ ಬಾಗಿಲಿನ ಆಚೆ ಎಚ್ಚರವಾಗಿಯೇ ಮಲಗಿದ್ದ ತಂದೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇಂಥ ಮನೆ ಯಾವ ಊರಿನಲ್ಲಿಯೂ ಇದ್ದೀತು. ಇಂಥ ರಾತ್ರಿಯಲ್ಲಿ ಶ್ರಾವಕನಿಗೆ ಜಿನಧರ್ಮ ಕೊಡುವ ಬೆಳಕು ಯಾವುದು ಎಂಬುದು ವಿಚಾರಿಸತಕ್ಕ ಪ್ರಶ್ನೆ. ಧರ್ಮವು ಸ್ಕ್ಯಾನಿನ ಚಿತ್ರವನ್ನು ಓದಿ ಹೇಳುವುದಿಲ್ಲ. ಅದು ವೈದ್ಯರ ಕೆಲಸ. ಓದುವವನ ಕಣ್ಣಿಗೆ ಕವಿದ ಪೊರೆಯನ್ನು ತೆಗೆಯುವುದು ಧರ್ಮದ ಕೆಲಸ.

ಮೊದಲನೆಯದಾಗಿ, ರೋಗಕ್ಕೆ ಚಿಕಿತ್ಸೆ ಪಡೆಯುವುದು ದೇಹಮೋಹವೆಂಬ ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಚತುರ್ವಿಧ ದಾನಗಳನ್ನು ಹೇಳಿದ ಪರಂಪರೆಯಿದು. ಔಷಧವನ್ನು ಕೊಡುವುದು ಪುಣ್ಯವಾದರೆ ತೆಗೆದುಕೊಳ್ಳುವುದು ಪಾಪವಾಗಲಾರದು. ರತ್ನಕರಂಡ ಶ್ರಾವಕಾಚಾರವನ್ನು ರಚಿಸಿದ ಸಮಂತಭದ್ರಾಚಾರ್ಯರ ಬಗೆಗೆ ಪರಂಪರೆಯಲ್ಲಿ ಬಂದ ಕಥೆಯೊಂದು ಶ್ರಾವಕರಿಗೆ ಪರಿಚಿತವೇ. ಉಂಡದ್ದೆಲ್ಲ ಬೂದಿಯಾಗಿ ಹಸಿವು ಇಂಗದ ಭಸ್ಮಕ ವ್ಯಾಧಿ ಅವರನ್ನು ಹಿಡಿಯಿತು. ಮುನಿಚರ್ಯೆ ಅಸಾಧ್ಯವಾದಾಗ ಅವರು ಸಲ್ಲೇಖನಕ್ಕೆ ಗುರುವಿನ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕಾರ್ಯ ಇನ್ನೂ ಆಗಬೇಕಾಗಿದೆ. ಮುನಿವೇಷವನ್ನು ಬದಿಗಿಟ್ಟು ವ್ಯಾಧಿಯನ್ನು ಶಮನ ಮಾಡಿಕೊ, ಬಳಿಕ ಮತ್ತೆ ದೀಕ್ಷೆ ಪಡೆ ಎಂಬುದು ಅವರ ಆದೇಶದ ತಾತ್ಪರ್ಯ. ಶಿಷ್ಯರು ಹಾಗೆಯೇ ಮಾಡಿದರು. ಮಹಾವ್ರತಿಗೇ ಚಿಕಿತ್ಸೆ ಮೊದಲು, ಸಲ್ಲೇಖನ ಆಮೇಲೆ ಎಂದ ಗುರುಪರಂಪರೆ ಗೃಹಸ್ಥನಿಗೆ ಬೇರೆ ಮಾತು ಹೇಳೀತೆ?

ಅದೇ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು ಹಾಗೂ ರೋಗಗಳನ್ನು ಹೆಸರಿಸಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂದು ನಿಬಂಧನೆ ಹಾಕಿದ್ದಾರೆ. ಪ್ರತೀಕಾರವಿಲ್ಲವೆಂದು ನಿಶ್ಚಯಿಸುವುದು ಹೇಗೆ? ಪ್ರತೀಕಾರವೇನೆಂದು ವಿಚಾರಿಸಿದ ಮೇಲೆಯೇ. ಆದ್ದರಿಂದ ವರದಿ ಬಂದ ರಾತ್ರಿಯೇ ಕಿರಿಯ ಮಗನು ಎತ್ತಿದ ಪ್ರಶ್ನೆ ಶಾಸ್ತ್ರದ ಕ್ರಮವನ್ನು ಮೀರಿದ್ದು.

4ನೇ ಹಂತ ಎಂಬ ಮಾತಿಗೆ ಜನರು ಕೊಡುವ ಅರ್ಥ ಒಂದೇ: ಎಲ್ಲ ಮುಗಿಯಿತು. ವೈದ್ಯಶಾಸ್ತ್ರದ ಅರ್ಥ ಅಷ್ಟು ಏಕಾಂತವಾದುದಲ್ಲ. ರೋಗವು ಹುಟ್ಟಿದ ಸ್ಥಾನವನ್ನು ಬಿಟ್ಟು ಹರಡಿದೆ, ಬಹುಪಾಲು ಸಂದರ್ಭಗಳಲ್ಲಿ ಅದನ್ನು ಬೇರುಸಹಿತ ಕಿತ್ತು ಗುಣಪಡಿಸಲಾಗದು ಎಂಬುದು ಒಂದು ನಯ. ಗುಣವಾಗದಿದ್ದರೂ ಹಿಡಿತದಲ್ಲಿಡಬಹುದು, ನೋವನ್ನೂ ಉಸಿರಾಟದ ಕಷ್ಟವನ್ನೂ ತಗ್ಗಿಸಬಹುದು ಎಂಬುದು ಇನ್ನೊಂದು ನಯ. ಎರಡೂ ನಿಜ. ಮೊದಲನೆಯದನ್ನೇ ಹಿಡಿದವನು ಹತಾಶನಾಗುತ್ತಾನೆ. ಎರಡನೆಯದನ್ನೇ ಹಿಡಿದವನು ಭ್ರಮೆಗೊಳಗಾಗುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಬಲ್ಲವನೇ ಅನೇಕಾಂತವನ್ನು ಅರಿತವನು.

ಶ್ವಾಸಕೋಶದ ಕ್ಯಾನ್ಸರ್ ಎಂಬುದೂ ಒಂದೇ ರೋಗವಲ್ಲ. ಜೀವಕೋಶದ ಬಗೆ ಬೇರೆಯಾದರೆ ದಾರಿಯೂ ಬೇರೆ. ಬಯಾಪ್ಸಿಯಲ್ಲಿ ತೆಗೆದ ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ವಂಶವಾಹಿಗಳ ಬದಲಾವಣೆಯುಂಟೇ ಎಂದು ಪರೀಕ್ಷಿಸುತ್ತಾರೆ. ಧೂಮಪಾನ ಮಾಡದವರಲ್ಲಿ ಇಂಥ ಬದಲಾವಣೆ ಕಾಣುವ ಸಂಭವ ಹೆಚ್ಚು. ಕಂಡುಬಂದರೆ ಆ ಬದಲಾವಣೆಯನ್ನೇ ಗುರಿಯಾಗಿಸಿದ ಮಾತ್ರೆಗಳಿವೆ. ಮನೆಯಲ್ಲಿದ್ದುಕೊಂಡೇ ದಿನಕ್ಕೆ ಒಂದೆರಡು ಮಾತ್ರೆ ತೆಗೆದುಕೊಂಡು ಅನೇಕರು ಗಣನೀಯ ಕಾಲ ಓಡಾಡಿಕೊಂಡಿರುತ್ತಾರೆ. ಬದಲಾವಣೆ ಇಲ್ಲದಿದ್ದರೆ ಕೀಮೋಥೆರಪಿ, ಇಮ್ಯುನೋಥೆರಪಿ ಅಥವಾ ಎರಡೂ ಕೂಡಿದ ಚಿಕಿತ್ಸೆ ವಿಚಾರಕ್ಕೆ ಬರುತ್ತದೆ. ಮೂಳೆಗೆ ಹರಡಿದ ನೋವಿಗೆ ಅಲ್ಪಾವಧಿಯ, ಕೆಲವೊಮ್ಮೆ ಒಂದೇ ಸಲದ ವಿಕಿರಣ ಚಿಕಿತ್ಸೆ ಸಾಕಾಗುವುದುಂಟು. ಈ ಪರೀಕ್ಷೆಗಳ ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಾಗುತ್ತದೆ. ಆ ಕಾಯುವಿಕೆ ವ್ಯರ್ಥವಲ್ಲ. ತಿಳಿಯದೆ ಓಡುವುದಕ್ಕಿಂತ ತಿಳಿದು ನಡೆಯುವುದು ಲೇಸು. ತಡೆಯಲಾಗದಷ್ಟು ತುರ್ತು ಇದ್ದರೆ ವೈದ್ಯರೇ ಹೇಳುತ್ತಾರೆ.

ವೈದ್ಯರ ಮುಂದೆ ಕುಳಿತಾಗ ಮಕ್ಕಳು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ದಿನ? ಅದಕ್ಕೆ ಯಾವ ವೈದ್ಯರೂ ನಿಖರವಾಗಿ ಉತ್ತರಿಸಲಾರರು. ಆಯುಃಕರ್ಮದ ಲೆಕ್ಕ ಸ್ಕ್ಯಾನಿನಲ್ಲಿ ಮೂಡುವುದಿಲ್ಲ. ಅದಕ್ಕಿಂತ ಪ್ರಯೋಜನಕರವಾದ ಪ್ರಶ್ನೆಗಳಿವೆ. ಈ ಚಿಕಿತ್ಸೆಯ ಗುರಿ ಗುಣಪಡಿಸುವುದೇ, ಕಾಲ ಹೆಚ್ಚಿಸುವುದೇ, ನೋವು ತಗ್ಗಿಸುವುದೇ? ಚೆನ್ನಾಗಿ ಫಲಿಸಿದರೆ ತಂದೆಯ ದಿನಚರಿ ಹೇಗಿದ್ದೀತು, ಫಲಿಸದಿದ್ದರೆ ಹೇಗಿದ್ದೀತು? ಇದರಿಂದ ಆಗಬಹುದಾದ ಕಷ್ಟಗಳಾವುವು, ಅವುಗಳಲ್ಲಿ ನಿವಾರಿಸಬಹುದಾದವು ಯಾವುವು? ಒಟ್ಟು ವೆಚ್ಚವೆಷ್ಟು? ಎಷ್ಟು ದಿನಗಳ ಬಳಿಕ, ಯಾವ ಲಕ್ಷಣವನ್ನು ನೋಡಿ, ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ನಿರ್ಧರಿಸುವುದು? ಚಿಕಿತ್ಸೆ ಬೇಡವೆಂದರೆ ಆರೈಕೆ ಏನು? ಸ್ಯಾದ್ವಾದವು ಕಲಿಸುವ 'ಒಂದು ಅಪೇಕ್ಷೆಯಿಂದ' ಎಂಬ ಮಾತು ಇಲ್ಲಿ ಕೇವಲ ತರ್ಕವಲ್ಲ, ಬದುಕಿನ ಉಪಕರಣ. 'ಈ ಔಷಧ ಒಳ್ಳೆಯದೇ?' ಎಂಬ ಪ್ರಶ್ನೆಗೆ ಅರ್ಥವಿಲ್ಲ. 'ಇವರಿಗೆ, ಈ ಶಕ್ತಿಯಲ್ಲಿ, ಈ ಗುರಿಗೆ ಒಳ್ಳೆಯದೇ?' ಎಂಬುದಕ್ಕೆ ಅರ್ಥವಿದೆ. ರೋಗಿ ಎದ್ದು ನಡೆದಾಡುವ ಸ್ಥಿತಿಯಲ್ಲಿದ್ದಾಗ ತಾಳಿಕೊಳ್ಳಬಲ್ಲ ಕೀಮೋಥೆರಪಿಯು, ದಿನದ ಬಹುಭಾಗ ಹಾಸಿಗೆಯಲ್ಲಿರುವಾಗ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು.

ಇಲ್ಲಿ ಶ್ರಾವಕಾಚಾರದ ಇನ್ನೊಂದು ವಿವೇಕವೂ ನೆರವಿಗೆ ಬರುತ್ತದೆ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಆಚಾರ್ಯರು ತ್ಯಾಗವನ್ನು ನಿಯಮ, ಯಮ ಎಂದು ಎರಡು ಬಗೆಯಾಗಿ ಹೇಳಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಚಾತುರ್ಮಾಸದಲ್ಲಿ ಇಷ್ಟು ದಿನ ಇಂಥ ಪದಾರ್ಥ ಬೇಡವೆಂದು ನಿಯಮ ಹಿಡಿಯುವ ಶ್ರಾವಕನಿಗೆ, ಅವಧಿ ಮುಗಿದಾಗ ಅದನ್ನು ಬಿಟ್ಟರೆ ವ್ರತಭಂಗವಲ್ಲವೆಂಬುದು ಗೊತ್ತು. ಚಿಕಿತ್ಸೆಯನ್ನೂ ಹೀಗೆಯೇ ನಿಯಮವಾಗಿ ಸ್ವೀಕರಿಸಬಹುದು. ಎರಡು ಸುತ್ತು ಔಷಧ, ಬಳಿಕ ಸ್ಕ್ಯಾನ್, ಬಳಿಕ ಕೂತು ವಿಚಾರ. ಪ್ರಾರಂಭಿಸಿದ್ದನ್ನು ನಿಲ್ಲಿಸುವುದು ತಂದೆಯನ್ನು ಕೈಬಿಟ್ಟಂತೆ ಎಂಬ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಯಮವಾಗಿಬಿಡುತ್ತದೆ. ಕೊನೆಯ ಉಸಿರಿನವರೆಗೂ ಸೂಜಿ ತೆಗೆಯುವುದಿಲ್ಲ. ಮೊದಲೇ ಅವಧಿ ಗೊತ್ತುಮಾಡಿದರೆ ಪ್ರಾರಂಭಿಸಲೂ ಧೈರ್ಯ, ನಿಲ್ಲಿಸಲೂ ಧೈರ್ಯ.

ಇನ್ನು ಅಡುಗೆಮನೆಯ ಮುಚ್ಚಿದ ಬಾಗಿಲಿನ ವಿಚಾರ. ತಂದೆಗೆ ರೋಗದ ಹೆಸರು ತಿಳಿದರೆ ಎದೆಯೊಡೆಯುತ್ತದೆ ಎಂದು ಮಕ್ಕಳು ಮುಚ್ಚಿಡುತ್ತಾರೆ. 'ನಿಮೋನಿಯಾ ಅಷ್ಟೇ' ಎನ್ನುತ್ತಾರೆ. ಕರುಣೆಯ ಹೆಸರಿನ ಈ ಮರೆಮಾಚುವಿಕೆ ನಿಜವಾಗಿ ಯಾರನ್ನು ಕಾಯುತ್ತದೆ? ತಂದೆಯ ಕಣ್ಣೀರನ್ನು ನೋಡಬೇಕಾದ ಕಷ್ಟದಿಂದ ಮಕ್ಕಳನ್ನು ಕಾಯುತ್ತದೆ. ತಂದೆಗೆ ಮಾತ್ರ ಸತ್ಯವೂ ಇಲ್ಲ, ಜೊತೆಯೂ ಇಲ್ಲ. ತನ್ನ ದೇಹದಲ್ಲಿ ಏನೋ ಆಗಬಾರದ್ದು ಆಗುತ್ತಿದೆಯೆಂದು ಆತನಿಗೆ ಗೊತ್ತಾಗದಿರುವುದಿಲ್ಲ. ಗೊತ್ತಿಲ್ಲದಂತೆ ನಟಿಸಬೇಕಾದ ಭಾರವೂ ಆತನ ಮೇಲೆ ಬೀಳುತ್ತದೆ. ಪರರ ಪ್ರಾಣಕ್ಕೆ ಕುತ್ತು ತರುವಂಥ ಸತ್ಯವನ್ನು ನುಡಿಯದಿರುವುದು ಸತ್ಯಾಣುವ್ರತದ ಭಾಗವೇ, ನಿಜ. ಆದರೆ ಒಬ್ಬನ ಆಯುಷ್ಯದ ಕುರಿತು ಅವನಿಗೇ ತಿಳಿಯದಂತೆ ನಿರ್ಣಯ ಕೈಗೊಳ್ಳುವುದಕ್ಕೆ ಆ ವಿನಾಯಿತಿಯನ್ನು ಎಳೆಯಲಾಗದು. ಎಷ್ಟು ತಿಳಿಯಬೇಕೆಂಬುದನ್ನು ರೋಗಿಯೇ ಹೇಳಲಿ. 'ವೈದ್ಯರು ಹೇಳಿದ್ದನ್ನೆಲ್ಲ ತಿಳಿಯಬೇಕೆಂದು ಇದೆಯೇ, ಅಥವಾ ಮಕ್ಕಳೇ ನೋಡಿಕೊಳ್ಳಲಿ ಎನ್ನುತ್ತೀರಾ?' ಎಂಬ ಒಂದು ಮೃದುವಾದ ಪ್ರಶ್ನೆ ಸಾಕು. ಬೇಡವೆಂದರೆ ಅದೂ ಆತನ ನಿರ್ಣಯವೇ.

ರೋಗಿಯ ಸುತ್ತ ಕುಳಿತವರು ತಮ್ಮ ಕಷಾಯಗಳನ್ನೂ ಪರೀಕ್ಷಿಸಿಕೊಳ್ಳಬೇಕು. 'ತೋಟ ಮಾರದೆ ತಂದೆಯನ್ನು ಸಾಯಲು ಬಿಟ್ಟರು ಎಂದು ಊರು ಆಡಿಕೊಂಡೀತು' ಎಂಬುದು ಮಾನಕಷಾಯ. ಸತ್ಯವನ್ನು ಮುಚ್ಚಿಡುವುದು ಮಾಯೆ. ಅವರಿಲ್ಲದೆ ಬದುಕಲಾರೆ, ಆದ್ದರಿಂದ ಅವರು ಎಷ್ಟೇ ನರಳಿದರೂ ಇರಲಿ ಎಂಬುದು ಪ್ರೀತಿಯ ವೇಷದ ಲೋಭ. ಖರ್ಚು ಉಳಿಯಲಿ ಎಂಬುದು ವೇಷವಿಲ್ಲದ ಲೋಭ. 'ಹತ್ತಿರವಿದ್ದೂ ಕೆಮ್ಮನ್ನು ಗಮನಿಸಲಿಲ್ಲ' ಎಂದು ತಂಗಿಯ ಮೇಲೆ ಅಣ್ಣ ಹಾಯುವುದು, 'ವರ್ಷಕ್ಕೊಮ್ಮೆ ಬರುವವನಿಗೆ ಏನು ಗೊತ್ತು' ಎಂದು ತಂಗಿ ತಿರುಗಿ ನುಡಿಯುವುದು ಕ್ರೋಧ. ಕಷಾಯದಿಂದ ಕೂಡಿದ ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಚಿಕಿತ್ಸೆ ಕೊಡಿಸಿದರೂ ಹಿಂಸೆಯಾಗಬಹುದು, ನಿಲ್ಲಿಸಿದರೂ ಹಿಂಸೆಯಾಗಬಹುದು. ಅದನ್ನು ನಿರ್ಧರಿಸುವುದು ಔಷಧವಲ್ಲ, ಹಿಂದಿರುವ ಭಾವ.

ಆರ್ತಧ್ಯಾನವನ್ನು ಶಾಸ್ತ್ರವು ನಾಲ್ಕು ಬಗೆಯಾಗಿ ಹೇಳುತ್ತದೆ. ಅವುಗಳಲ್ಲಿ ನೋವಿನಿಂದ ಹುಟ್ಟುವ ವೇದನಾ ಆರ್ತಧ್ಯಾನ ಹಾಸಿಗೆಯಲ್ಲಿ ಮಲಗಿದವರದು. ಪ್ರಿಯರ ಅಗಲಿಕೆಯನ್ನು ನೆನೆದು ಹುಟ್ಟುವ ಇಷ್ಟವಿಯೋಗ ಆರ್ತಧ್ಯಾನ ಹಾಸಿಗೆಯ ಸುತ್ತ ನಿಂತವರದು. ಅನೇಕ ವೇಳೆ ಚಿಕಿತ್ಸೆ ನಡೆಯುವುದು ತಂದೆಯ ದೇಹಕ್ಕೆ; ಔಷಧ ಬೇಕಾಗಿರುವುದು ಮಕ್ಕಳ ಇಷ್ಟವಿಯೋಗಕ್ಕೆ. ಇವೆರಡನ್ನೂ ಬೇರ್ಪಡಿಸಿ ನೋಡಿದರೆ ಅರ್ಧ ಗೊಂದಲ ತಿಳಿಯಾಗುತ್ತದೆ.

ಬಂಧುಗಳು ಆಡುವ ಇನ್ನೊಂದು ಮಾತಿದೆ: 'ಪೂರ್ವಕರ್ಮ, ಏನು ಮಾಡಲಾದೀತು?' ಅಸಾತಾವೇದನೀಯ ಕರ್ಮದ ಉದಯವೆಂದು ತನ್ನ ನೋವನ್ನು ತಾನೇ ಸಮತೆಯಿಂದ ನೋಡಿಕೊಳ್ಳುವುದು ಜ್ಞಾನ. ಮತ್ತೊಬ್ಬರ ಹಾಸಿಗೆಯ ಬಳಿ ಕುಳಿತು ಅದನ್ನೇ ಹೇಳುವುದು ಕ್ರೌರ್ಯ. ಕರ್ಮಸಿದ್ಧಾಂತವು ವಿಧಿವಾದವೂ ಅಲ್ಲ. ಕರ್ಮಗಳ ಸ್ಥಿತಿ, ಅನುಭಾಗಗಳು ಹಿಗ್ಗಬಹುದು, ಕುಗ್ಗಬಹುದು, ಒಂದು ಪ್ರಕೃತಿ ಮತ್ತೊಂದಾಗಿ ಸಂಕ್ರಮಿಸಬಹುದು ಎಂದು ಅದೇ ಸಿದ್ಧಾಂತ ಹೇಳುತ್ತದೆ. ಪುರುಷಾರ್ಥಕ್ಕೆ ಅಲ್ಲಿ ಜಾಗವಿದೆ. ಔಷಧವೂ ಒಂದು ನಿಮಿತ್ತ.

ಉಪಶಮನ ಆರೈಕೆ ಎಂದರೆ 'ಇನ್ನೇನೂ ಮಾಡಲಾಗದು' ಎಂಬುದರ ಸಭ್ಯ ಹೆಸರು ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದ 151 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ವೈದ್ಯಲೋಕದ ಕಣ್ಣು ತೆರೆಸಿತು. ರೂಢಿಯ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ಹೆಚ್ಚು ನೆಮ್ಮದಿಯವಾಗಿದ್ದವು; ಕೊನೆಗಾಲದ ಉಗ್ರ ಚಿಕಿತ್ಸೆಗಳನ್ನು ಅವರು ಪಡೆದದ್ದು ಕಡಿಮೆ, ಆದರೂ ಬದುಕಿದ್ದು ಹೆಚ್ಚು ಕಾಲ. ಬದುಕಿದ ಅವಧಿಯ ಮಧ್ಯಾಂಕ ಅವರಲ್ಲಿ 11.6 ತಿಂಗಳು, ಉಳಿದವರಲ್ಲಿ 8.9 ತಿಂಗಳು. ನೋವು ತಗ್ಗಿಸುವುದು ಸೋಲೊಪ್ಪುವುದಲ್ಲವೆಂದು ಇದು ತೋರಿಸುತ್ತದೆ. ಆದ್ದರಿಂದ ಕ್ಯಾನ್ಸರ್ ವೈದ್ಯರನ್ನು ಕಾಣುವ ಮೊದಲ ವಾರದಲ್ಲಿಯೇ ಉಪಶಮನ ವೈದ್ಯರನ್ನೂ ಕಾಣುವುದು ವಿವೇಕ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಅದೇ ನಗರದ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತ ಬಂದಿದೆ.

ಮಾರ್ಫಿನ್ ಎಂಬ ಹೆಸರು ಕೇಳಿದೊಡನೆ ಬೆಚ್ಚುವವರಿದ್ದಾರೆ. ಅದು ಮದವೇ, ವ್ರತಕ್ಕೆ ಭಂಗವೇ, ಬೇಗ ಸಾಯಿಸುವುದೇ ಎಂಬ ಶಂಕೆ. ತಜ್ಞರು ಅಳತೆಯರಿತು ಕೊಡುವ ಮಾರ್ಫಿನ್ ಮಾತ್ರೆಯು ತೀವ್ರವಾದ ನೋವನ್ನೂ ಏದುಸಿರಿನ ಸಂಕಟವನ್ನೂ ತಗ್ಗಿಸುತ್ತದೆ; ಸಾವನ್ನು ಕರೆತರುವುದಿಲ್ಲ. ಆರಂಭದಲ್ಲಿ ತುಸು ಮಂಪರು, ಮಲಬದ್ಧತೆಗಳಿರುತ್ತವೆ, ಅವಕ್ಕೂ ಉಪಾಯವಿದೆ. ರೋಗಿಗಳಿಗೆ ಅದು ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಕೇಂದ್ರದ ಮಾದಕ ವಸ್ತು ಕಾಯಿದೆಗೆ ತಿದ್ದುಪಡಿಯಾಯಿತು. ಉಸಿರಿಗಾಗಿ ಹೋರಾಡುವವನ ಕಿವಿಗೆ ಪಂಚನಮಸ್ಕಾರ ಮಂತ್ರ ಬಿದ್ದರೂ ಮನಸ್ಸಿಗೆ ಇಳಿಯುವುದು ಕಷ್ಟ. ನೋವು ತಗ್ಗಿದರೆ ತಾನೇ ಕೈಜೋಡಿಸಿಯಾನು. ವೇದನೆಯನ್ನು ಶಮನ ಮಾಡುವುದು ಸಮಾಧಿಗೆ ವಿಘ್ನವಲ್ಲ, ಸಹಾಯ.

ರಾತ್ರಿಯ ಮಾತ್ರೆ, ಜಿಲೆಟಿನ್ ಹೊದಿಕೆಯ ಕ್ಯಾಪ್ಸೂಲ್ ಮುಂತಾದ ಸಂಗತಿಗಳು ವ್ರತಿಗಳ ಮನಸ್ಸನ್ನು ಕೊರೆಯುತ್ತವೆ. ಇವನ್ನು ಸಣ್ಣದೆಂದು ತಳ್ಳಬಾರದು, ವೈದ್ಯರಿಂದ ಮುಚ್ಚಿಡಲೂ ಬಾರದು. ಹಲವು ಔಷಧಗಳ ವೇಳೆಯನ್ನು ಹಗಲಿಗೆ ಹೊಂದಿಸಲು ಬರುತ್ತದೆ. ಕೆಲವು ಔಷಧಗಳು ಮಾತ್ರೆಯ ರೂಪದಲ್ಲಿಯೂ ಸಿಗುತ್ತವೆ. ಆಗದಿದ್ದಾಗ ಏನು ಮಾಡಬೇಕೆಂದು ಗುರುಗಳನ್ನು ಕೇಳಬೇಕು. ಹೇಳದೆ ಮಾತ್ರೆ ಬಿಟ್ಟು ನರಳುವುದು ತಪಸ್ಸಲ್ಲ. ಹೇಳದೆ ನುಂಗಿಸಿ ವ್ರತಿಯ ನಂಬಿಕೆಗೆ ದ್ರೋಹ ಬಗೆಯುವುದು ಸೇವೆಯಲ್ಲ.

ಸಲ್ಲೇಖನದ ವಿಚಾರವನ್ನು ಕೊನೆಗೆ ಇರಿಸಿದ್ದಕ್ಕೆ ಕಾರಣವಿದೆ. ಅದರ ಸ್ಥಾನವೂ ಕೊನೆಯೇ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಸಮಾಜವು ಬೀದಿಗಿಳಿದು ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ನೀಡಿತು. ಅಂದು ಸಮಾಜ ಹೇಳಿದ್ದೇನು? ಸಲ್ಲೇಖನವು ಸಾವಿನ ಬಯಕೆಯಲ್ಲ, ಯಾರ ಒತ್ತಾಯದಿಂದಲೂ ಆಗುವುದಲ್ಲ, ಗುರುವಿನ ಅನುಮತಿಯಿಂದ, ಸಾಧಕನ ಪೂರ್ಣ ಎಚ್ಚರದಲ್ಲಿ, ದೇಹದೊಡನೆ ಕಷಾಯಗಳನ್ನೂ ಕೃಶಗೊಳಿಸುವ ವ್ರತವೆಂದು. ಬೀದಿಯಲ್ಲಿ ಹೇಳಿದ್ದು ಮನೆಯೊಳಗೂ ನಿಜವಾಗಬೇಕು. ಅದರ ಅತಿಚಾರಗಳಲ್ಲಿ ಬದುಕುವ ಆಸೆಯನ್ನು ಹೇಳಿದ ಶಾಸ್ತ್ರ, ಸಾಯುವ ಆಸೆಯನ್ನೂ ಜೊತೆಗೇ ಹೇಳಿದೆ. ನೋವು ತಾಳದೆ ಬೇಗ ಮುಗಿಯಲಿ ಎನ್ನುವ ರೋಗಿಗೆ ಬೇಕಾದದ್ದು ಮೊದಲು ನೋವಿನ ಔಷಧ, ಸಲ್ಲೇಖನವಲ್ಲ. ಇನ್ನು ಮಕ್ಕಳು ತಾವಾಗಿ ಅದನ್ನು ಸೂಚಿಸುವುದು ಅಪಾಯಕರ. ಕೃತ, ಕಾರಿತ, ಅನುಮೋದನೆ ಮೂರಕ್ಕೂ ಕರ್ಮಬಂಧವಿದೆ. ಆ ಮಾತು ಹುಟ್ಟಬೇಕಾದುದು ಸಾಧಕನ ಬಾಯಿಂದ. ಮಕ್ಕಳದು ಕೇಳಿಸಿಕೊಳ್ಳುವ ಕಿವಿ ಮಾತ್ರ.

ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು ಸಲ್ಲೇಖನವೂ ಅಲ್ಲ, ಹತ್ಯೆಯೂ ಅಲ್ಲ. ಕೃತಕ ಉಸಿರಾಟದ ಯಂತ್ರ ಬೇಡವೆಂದು ಎಚ್ಚರವಿರುವಾಗಲೇ ಬರೆದಿಡುವ ಹಕ್ಕನ್ನು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆ ಮುಂಗಡ ನಿರ್ದೇಶನ ಸಿದ್ಧ. ಕರ್ನಾಟಕ ಸರ್ಕಾರವೂ 2025ರ ಜನವರಿಯ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಇಂಥ ಪತ್ರವಿದ್ದರೆ ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ ಮಕ್ಕಳು ಪರಸ್ಪರ ಕಾದಾಡುವ ಪ್ರಸಂಗ ತಪ್ಪುತ್ತದೆ.

ಆ ಮಲೆನಾಡಿನ ಮನೆಯಲ್ಲಿ ಮುಂದೇನಾಯಿತು? ಮೂರನೆಯ ದಿನ ಮಗಳೇ ಧೈರ್ಯ ಮಾಡಿ ತಂದೆಯ ಬಳಿ ಕುಳಿತು ಕೇಳಿದಳು. ಅವರು ನಕ್ಕು, "ಅಡುಗೆಮನೆಯ ಬಾಗಿಲು ಹಳೆಯದು ಮಗಾ, ಮಾತೆಲ್ಲ ಕೇಳಿಸುತ್ತದೆ" ಎಂದರು. ತಮಗೇನು ಬೇಕೆಂಬುದನ್ನೂ ಹೇಳಿದರು. ತೋಟ ಮಾರಕೂಡದು. ಯಂತ್ರಗಳ ನಡುವೆ ಸಾಯುವುದು ಬೇಡ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಕುಳಿತು ಪೂಜೆ ನೋಡುವಷ್ಟು ಉಸಿರು ಸಿಕ್ಕರೆ ಸಾಕು. ಅದಕ್ಕಾಗಿ ಔಷಧ ತೆಗೆದುಕೊಳ್ಳಲು ಸಿದ್ಧ. ಮೂರು ಪಕ್ಷಗಳಾಗಿ ಒಡೆದಿದ್ದ ಮನೆಗೆ ಒಂದು ಗುರಿ ದೊರೆಯಿತು.

ವಂಶವಾಹಿಗಳ ಪರೀಕ್ಷೆಯಲ್ಲಿ ಮಾತ್ರೆಗೆ ಒದಗುವ ಬದಲಾವಣೆ ಕಾಣಲಿಲ್ಲ. ಬೆನ್ನಿನ ನೋವಿಗೆ ಒಮ್ಮೆ ವಿಕಿರಣ ಚಿಕಿತ್ಸೆಯಾಯಿತು. ಕೀಮೋಥೆರಪಿ ಎರಡು ಸುತ್ತು ಎಂದು ನಿಯಮವಾಯಿತು. ಸ್ಕ್ಯಾನಿನಲ್ಲಿ ರೋಗ ನಿಂತಲ್ಲೇ ನಿಂತಿತ್ತು, ಕೆಮ್ಮು ಇಳಿದಿತ್ತು. ತಂದೆಯೇ ಇನ್ನೆರಡು ಸುತ್ತಿಗೆ ಒಪ್ಪಿದರು. ಅದರ ಬಳಿಕದ ಸ್ಕ್ಯಾನಿನಲ್ಲಿ ಯಕೃತ್ತಿನ ಗೆಡ್ಡೆಗಳು ಬೆಳೆದಿದ್ದವು. ಮತ್ತೊಂದು ಔಷಧವಿದೆ, ಫಲ ಅಲ್ಪ, ಆಯಾಸ ಹೆಚ್ಚು ಎಂದು ವೈದ್ಯರು ಬಿಡಿಸಿ ಹೇಳಿದರು. "ಅವಧಿ ಮುಗಿಯಿತು, ಪಾರಣೆ ಮಾಡೋಣ" ಎಂದು ತಂದೆ ಕೈಮುಗಿದರು. ಹಿರಿಯ ಮಗ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಅತ್ತನು. ಬಳಿಕ ರಜೆ ಹಾಕಿ ಊರಿಗೆ ಬಂದನು. ಔಷಧದ ವೇಳಾಪಟ್ಟಿ ಅವನ ಪಾಲು, ಸ್ನಾನ ಮತ್ತು ಬಟ್ಟೆ ಕಿರಿಯನ ಪಾಲು, ರಾತ್ರಿಯ ಸ್ವಾಧ್ಯಾಯ ಮಗಳ ಪಾಲು.

ಈ ಕಾರ್ಯಕ್ಕೆ ಶಾಸ್ತ್ರದಲ್ಲಿ ವೈಯಾವೃತ್ಯವೆಂದು ಹೆಸರು. ಆರು ಅಂತರಂಗ ತಪಸ್ಸುಗಳಲ್ಲಿ ಅದೊಂದು. ಸೇವೆಗೆ ಪಾತ್ರರಾದ ಹತ್ತು ಬಗೆಯ ಸಾಧುಗಳಲ್ಲಿ ಗ್ಲಾನ, ಎಂದರೆ ರೋಗಪೀಡಿತನೂ ಒಬ್ಬ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಶ್ರುತಕೇವಲಿ ಭದ್ರಬಾಹುಗಳ ಕೊನೆಯ ದಿನಗಳಲ್ಲಿ ಶಿಷ್ಯ ಚಂದ್ರಗುಪ್ತ ಮುನಿಗಳು ಜೊತೆಯಲ್ಲಿದ್ದು ಸೇವೆಗೈದರೆಂದು ಪರಂಪರೆ ನೆನೆಯುತ್ತದೆ. ಸಾಮ್ರಾಜ್ಯವಾಳಿದ ಕೈಗಳಿಗೆ ಗುರುವಿನ ಪಾದ ಒತ್ತುವ ಕೆಲಸ ದೊರೆತಾಗ ಅವು ಸಾರ್ಥಕವಾದವು. ತಂದೆತಾಯಿಯರ ಹಾಸಿಗೆ ಪ್ರತಿಯೊಂದು ಮನೆಯ ಚಂದ್ರಗಿರಿ. ಅಲ್ಲಿ ಎಷ್ಟು ಹಣ ಸುರಿದರೆಂದು ಯಾರೂ ಲೆಕ್ಕವಿಡುವುದಿಲ್ಲ. ಯಾರು ಬಳಿಯಿದ್ದರು ಎಂಬುದೊಂದೇ ಉಳಿಯುತ್ತದೆ.

ಪರ್ವದ ಹತ್ತು ದಿನಗಳಲ್ಲಿ ಏಳು ದಿನ ಆ ಹಿರಿಯರು ಬಸದಿಯ ಕಂಬಕ್ಕೊರಗಿ ಕುಳಿತಿದ್ದರು. ಉಳಿದ ಮೂರು ದಿನ ಗಂಟೆಯ ದನಿಯನ್ನು ಮನೆಯ ಜಗಲಿಯಿಂದಲೇ ಕೇಳಿದರು. ಕ್ಷಮಾವಾಣಿಯ ದಿನ ಮೂವರು ಮಕ್ಕಳನ್ನೂ ಕರೆದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದರು. ಹಿರಿಯ ಮಗ, "ಇನ್ನೂ ಏನಾದರೂ ಮಾಡಬಹುದಿತ್ತೇನೋ ಅಪ್ಪಾ, ನೀವು ಕ್ಷಮಿಸಬೇಕು" ಎಂದನು. "ನನ್ನನ್ನು ಕೇಳಿ ಮಾಡಿದಿರಿ. ಅದಕ್ಕಿಂತ ಹೆಚ್ಚಿನದು ಇರಲಿಲ್ಲ" ಎಂದು ತಂದೆ ಅವನ ತಲೆ ನೇವರಿಸಿದರು.

ಯಾವ ಔಷಧವನ್ನು ಆರಿಸಿದರೂ ಒಂದು ದಿನ ದೇಹ ಬೀಳುತ್ತದೆ. ಅನಿತ್ಯಾನುಪ್ರೇಕ್ಷೆ ಅದನ್ನು ಮುಚ್ಚಿಡುವುದಿಲ್ಲ. ಬಿದ್ದ ಮೇಲೆ ಮಕ್ಕಳ ಮನಸ್ಸಿನಲ್ಲಿ ಏನು ಉಳಿಯಬೇಕು ಎಂಬುದು ಮಾತ್ರ ಇಂದಿನ ಆಯ್ಕೆಗೆ ಸೇರಿದ್ದು. ಮುಚ್ಚಿದ ಬಾಗಿಲನ್ನು ತೆರೆದು, ಹಾಸಿಗೆಯಲ್ಲಿರುವವರನ್ನು ಮೊದಲು ಕೇಳಿ, ವೈದ್ಯರ ಮಾತನ್ನು ಪೂರ್ಣವಾಗಿ ಆಲಿಸಿ, ಅವಧಿಯಿಟ್ಟು ಪ್ರಯತ್ನಿಸಿ, ಅವಧಿ ಮುಗಿದಾಗ ಕಷಾಯವಿಲ್ಲದೆ ಕೈಬಿಟ್ಟು, ಕೈಹಿಡಿದು ಕುಳಿತುಕೊಳ್ಳುವುದು ಶ್ರಾವಕಧರ್ಮ. ರೋಗದಿಂದ ಬಳಲುವ ಎಲ್ಲ ಜೀವಿಗಳಿಗೆ ವೇದನೆಯಿಂದ ಬಿಡುಗಡೆಯೂ, ಅವರ ಬಳಿಯಲ್ಲಿರುವವರಿಗೆ ಸಮತಾಭಾವವೂ ದೊರೆಯಲಿ.